ಠಕ್ಕನು ಥಗ್ ಆದ ಬಗೆ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ, ತಮ್ಮ ಮಕ್ಕಳ ಇಂಗ್ಲಿಷು ಪಾಠವನ್ನು ತಾವೇ ನೋಡಿಕೊಳ್ಳುತ್ತಿರುವರು. ಅವರಿಗೂ ಪೋಷಕರಿಗೂ ಉಪಯೋಗವಾಗಲೆಂದು ‘ಥಗ್’ ಎಂಬ ಒಂದೇ ಪದವನ್ನು ಇಲ್ಲಿ ವಿಚಾರಿಸುವೆವು. ಕೇಳಿದೊಡನೆ ಪರದೇಶದ್ದೆಂದು ತೋರಿದರೂ ಇದು ನಮ್ಮ ದೇಶದಿಂದಲೇ ಹೊರಟು, ವೇಷ ಬದಲಿಸಿಕೊಂಡು ಹಿಂದಿರುಗಿದ ಪದವಾಗಿದೆ.

ಸಂಸ್ಕೃತದ ‘ಸ್ಥಗ್’ ಧಾತುವಿಗೆ ಮುಚ್ಚು, ಮರೆಮಾಡು ಎಂದರ್ಥ. ಹಿಂದಿಯ ‘ಠಗ್’, ಕನ್ನಡದ ‘ಠಕ್ಕ’ ಇವೆರಡೂ ಅದರಿಂದಲೇ ಬಂದುವೆಂದು ಪಂಡಿತರ ಮತ. ಗೌರಿಬಿದನೂರು, ಚಿಂತಾಮಣಿಗಳ ಕಡೆಯ ಅನೇಕ ಮನೆಗಳಲ್ಲಿ ತೆಲುಗೂ ನಡೆಯುವುದರಿಂದ, ನಮ್ಮ ಮಕ್ಕಳು ‘ಠಕ್ಕ ನರಿ’ಯನ್ನೂ ‘ಟಕ್ಕರಿ ನಕ್ಕ’ನನ್ನೂ ಒಟ್ಟಿಗೇ ಅರಿತಿರುವರು. ಆ ನರಿಯು ಯಾರನ್ನೂ ಹೊಡೆಯುವುದಿಲ್ಲ. ಕಾಗೆಯನ್ನು ಹೊಗಳಿ ಬಾಯಿ ತೆರೆಯಿಸುತ್ತದೆ, ಅಷ್ಟೆ. ಅದನ್ನು ಇಂಗ್ಲಿಷಿನಲ್ಲಿ ‘ಥಗ್’ ಎಂದು ಬರೆದರೆ ತಪ್ಪಾಗುವುದು. ‘ಸ್ಲೈ’ ಅಥವಾ ‘ಕನ್ನಿಂಗ್’ ಎನ್ನಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಯಾವನಾದರೂ ತೂಕದಲ್ಲಿ ಕೈಚಳಕ ತೋರಿಸಿದರೆ ಕನ್ನಡದಲ್ಲಿ ಅವನು ಠಕ್ಕನೇ ಸರಿ, ಇಂಗ್ಲಿಷಿನಲ್ಲಿ ‘ಚೀಟ್’ ಮಾತ್ರ. ಇಂಗ್ಲಿಷಿನ ಥಗ್ ಎಂದರೆ ಬಲಾತ್ಕಾರದಿಂದ ಜನರನ್ನು ಹಿಂಸಿಸುವ ಕ್ರೂರನು.

ಅರ್ಥವು ಹೀಗೆ ತಿರುಗಿದುದೇಕೆ? ಆ ಚರಿತ್ರೆಯು ನಮ್ಮ ಸೀಮೆಯ ಬದಿಯಲ್ಲಿಯೇ ಹಾಯ್ದಿದೆ. 1799ರಲ್ಲಿ ಶ್ರೀರಂಗಪಟ್ಟಣವು ಕಂಪೆನಿಯವರ ವಶವಾದ ಮೇಲೆ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿ ಸೆರೆಸಿಕ್ಕರು. 1807ರಲ್ಲಿ ಚಿತ್ತೂರಿಗೂ ಆರ್ಕಾಟಿಗೂ ನಡುವೆ ಮತ್ತೆ ಕೆಲವರು ಸಿಕ್ಕಿಬಿದ್ದಾಗಲೇ ಇವರದು ಒಂದು ಪ್ರತ್ಯೇಕ ಕಸುಬೆಂಬ ಸಂಶಯವು ಅಧಿಕಾರಿಗಳಿಗೆ ಹುಟ್ಟಿತು. ದಕ್ಷಿಣದಲ್ಲಿ ಇವರಿಗೆ ‘ಫಾಂಸಿಗಾರರು’, ಅಂದರೆ ಕುಣಿಕೆಯವರು, ಎಂದು ಹೆಸರು. 1816ರಲ್ಲಿ ಮದರಾಸಿನ ಡಾಕ್ಟರ್ ಶೆರ್ವುಡ್ ಎಂಬಾತನು ಇವರ ವಿಷಯವಾಗಿ ಬರೆದಾಗ ಈ ಹೆಸರನ್ನೇ ಬಳಸಿದನು. ಉತ್ತರದ ‘ಠಗ್’ ಎಂಬ ಹೆಸರು ಬಳಕೆಯಲ್ಲಿ ಗೆದ್ದುದು ಸ್ಲೀಮನ್ನನ ಕಾರ್ಯಾಚರಣೆಯಿಂದ. 1839ರಲ್ಲಿ ಮೆಡೋಸ್ ಟೇಲರನ ಕಾದಂಬರಿಯೊಂದು ಅದನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು. ಕೆಲವೇ ವರ್ಷಗಳಲ್ಲಿ ನಮ್ಮ ಸುರಪುರದ ಆಡಳಿತ ನಡೆಸಿದ ಟೇಲರನು ಇವನೇ.

ಆ ಕೊಲೆಗಡುಕರ ರೀತಿಯನ್ನು ಗಮನಿಸಿರಿ. ಅವರು ದಾರಿಹೋಕರ ಜೊತೆಗೂಡಿ, ಸವಿಮಾತನಾಡಿ, ದಿನಗಟ್ಟಲೆ ಒಟ್ಟಿಗೆ ನಡೆದು, ನಂಬಿಕೆ ಬಲಿತ ಬಳಿಕ ಬಟ್ಟೆಯಿಂದ ಕತ್ತು ಬಿಗಿಯುತ್ತಿದ್ದರು. ಸವಿಮಾತು ನರಿಯದೇ. ಇಂಗ್ಲಿಷಿನಲ್ಲಿ ಅದು ಉದುರಿಹೋಗಿ ಕೊಲೆ ಮಾತ್ರ ಉಳಿಯಿತು. ಉಚ್ಚಾರವೂ ಉದುರಿತು: ಆ ಭಾಷೆಯಲ್ಲಿ ಠಕಾರವಿಲ್ಲದ ಕಾರಣ ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಹೇಳುವರು. ಆದುದರಿಂದಲೇ ನಾವು ‘ಥಗ್’ ಎಂದು ಬರೆಯುತ್ತಿರುವೆವು.

ಇದರ ನೆರೆಯ ಪದಗಳನ್ನೂ ಬೇರ್ಪಡಿಸಿ ತಿಳಿಯಬೇಕು. ‘ಡಕಾಯಿತಿ’ಗೆ ಕಾನೂನಿನ ಲೆಕ್ಕವಿದೆ, ಐವರು ಅಥವಾ ಹೆಚ್ಚು ಮಂದಿ ಕೂಡಿ ದರೋಡೆ ಮಾಡಿದರೇ ಅದು ಡಕಾಯಿತಿ. ‘ಗ್ಯಾಂಗ್’ ಎಂಬುದಕ್ಕೆ ಮೂಲದಲ್ಲಿ ನಡಿಗೆ ಎಂದರ್ಥ; ಬಳಿಕ ಜೊತೆಯಾಗಿ ನಡೆಯುವವರ ತಂಡವೆಂದಾಯಿತು. ದೋಷವೆಲ್ಲ ‘ಗ್ಯಾಂಗ್‌ಸ್ಟರ್’ ಎಂಬುದರಲ್ಲಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಹೋಗುವ ರೈಲುಹಾದಿಯನ್ನು ದುರಸ್ತು ಮಾಡುತ್ತಿದ್ದವರೂ ಗ್ಯಾಂಗಿನವರೇ. ತನ್ನ ತಾತನವರು ಗ್ಯಾಂಗಿನಲ್ಲಿದ್ದರೆಂದು ಹೇಳಲು ಯಾವ ಹುಡುಗಿಯೂ ನಾಚಬೇಕಾಗಿಲ್ಲ!

‘ಥಗ್’ ಮಾತ್ರ ಅಷ್ಟು ಹಗುರಾದ ಪದವಲ್ಲ. 1836ರ ಕಾಯಿದೆಯಂತೆ ಒಬ್ಬನು ಥಗ್ಗರ ತಂಡಕ್ಕೆ ಸೇರಿದ್ದನೆಂದು ಸ್ಥಾಪಿತವಾದರೆ ಸಾಕು, ಅವನಿಗೆ ಜೀವಾವಧಿ ಸೆರೆ. ಅವನ ಕೈಯಿಂದಾದ ಕೊಲೆಯನ್ನು ತೋರಿಸಬೇಕಾಗಿರಲಿಲ್ಲ. ಸಾಕ್ಷಿಯೋ ಬಹುಮಟ್ಟಿಗೆ ಮಾಫಿಸಾಕ್ಷಿಗಳ ಬಾಯಿಮಾತು. ಹಿಡಿದವರೆಲ್ಲರೂ ಒಂದೇ ಕೂಟದವರಾಗಿದ್ದರೇ ಎಂಬುದನ್ನು ಇಂದಿನ ಚರಿತ್ರಕಾರರು ಪ್ರಶ್ನಿಸಿರುವರು. 1860ರ ದಂಡಸಂಹಿತೆಯ 310ನೆಯ ಕಲಮಿನಲ್ಲಿ ಥಗ್ಗನ ಲಕ್ಷಣವನ್ನು ಬರೆದರು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದಿಲ್ಲ.

ಹೀಗೆ ಕೃತ್ಯವನ್ನು ಬಿಟ್ಟು ಹೆಸರನ್ನು ದಂಡಿಸುವ ರೂಢಿ ಬೆಳೆದು, 1871ರ ಕಾಯಿದೆಯಲ್ಲಿ ಹುಟ್ಟನ್ನೇ ದಂಡಿಸುವವರೆಗೆ ಹೋಯಿತು. ‘ಅಪರಾಧಿ ಬುಡಕಟ್ಟುಗಳು’ ಎಂದು ಕುಲಕುಲಗಳನ್ನೇ ಪಟ್ಟಿಗೆ ಸೇರಿಸಿದರು. 1911ರಲ್ಲಿ ಅದು ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು. ಉಪ್ಪು ಹೊತ್ತು, ಬುಟ್ಟಿ ಹೆಣೆದು ಊರೂರು ಅಲೆಯುತ್ತಿದ್ದವರು ಹಾಜರಿಗಾಗಿ ಪೊಲೀಸರೆದುರು ನಿಲ್ಲಬೇಕಾಯಿತು. ಹುಬ್ಬಳ್ಳಿಯ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಆ ಕಾಲದ ಗುರುತು. ಮಿಷನ್ನಿನವರೂ ಇದರಿಂದ ಹೊರಗಿರಲಿಲ್ಲವೆಂಬುದನ್ನು ಮಿಷನ್ ಶಾಲೆಯ ಸಂಚಿಕೆಯಲ್ಲಿಯೇ ಹೇಳುವುದು ಯೋಗ್ಯ: ಆಗಿನ ಗುಂಟೂರು ಜಿಲ್ಲೆಯ ಸ್ಟುವರ್ಟ್‌ಪುರಂ ವಸತಿಯನ್ನು ನಡೆಸಿದವರು ಸಾಲ್ವೇಶನ್ ಆರ್ಮಿಯವರು. ಆ ಕಾಯಿದೆಯು 1952ರ ಆಗಸ್ಟ್ 31ರಂದು ರದ್ದಾಗಿ, ಪಟ್ಟಿಯಲ್ಲಿದ್ದವರು ‘ವಿಮುಕ್ತ’ರೆನಿಸಿದರು. ಬಯ್ಗುಳವು ಮಾತ್ರ ಅದೇ ದಿನ ರದ್ದಾಗಲಿಲ್ಲ. ಅಂಥ ಮನೆತನದ ಮಕ್ಕಳು ತರಗತಿಯಲ್ಲಿ ಕುಳಿತಾಗಲೂ ಅದು ಬೆನ್ನ ಹಿಂದೆ ಕೇಳಿಬಂತು.

ಆದಕಾರಣ ಮಗುವು ತನ್ನ ಪುಸ್ತಕದಲ್ಲಿ ‘ಅವರು ಥಗ್ಗರು’ ಎಂದು ಇಂಗ್ಲಿಷಿನಲ್ಲಿ ಬರೆದು ತಂದರೆ, ತಾಯಿಯಾದವಳು ಕಾಗುಣಿತವನ್ನು ತಿದ್ದುವ ಮೊದಲು, ಅವರು ಎಷ್ಟು ಮಂದಿ, ಮಾಡಿದ್ದೇನು, ವಿಚಾರಣೆ ಮುಗಿದಿದೆಯೇ ಎಂದು ಕೇಳಲಿ. ಮುಗಿಯದಿದ್ದರೆ ‘ಆರೋಪಿಗಳು’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ದಿ ಅಕ್ಯೂಸ್ಡ್’ ಎಂಬ ಮಾತಿದೆ. ಒಬ್ಬನಿದ್ದರೂ ಹತ್ತು ಮಂದಿಯಿದ್ದರೂ ಅದರ ರೂಪವು ಬದಲಾಗದು.