ಮುಷ್ಟಿಯೊಳಗಿನ ಏರಿಯಲ್

ಕಲಾ ಕಾಲೇಜಿನ ವಿದ್ಯಾರ್ಥಿಗೆ ಏರಿಯಲ್ಲಿನ ಉಸಾಬರಿ ಏಕೆಂದು ಗೆಳೆಯರು ನಗಬಹುದು. ಕಾರಣವಿದೆ. ಕಳೆದ ಮಳೆಗಾಲದ ಒಂದು ರಾತ್ರಿ ಬಂದಳಿಕೆಯ ನಮ್ಮ ಮನೆಯಲ್ಲಿ ಅಪ್ಪಯ್ಯನಿಗೆ ಉಸಿರಾಟದ ತೊಂದರೆಯಾಯಿತು. ಶಿಕಾರಿಪುರದಿಂದ ವಾಹನ ಕರೆಸಬೇಕು, ಮೊಬೈಲೋ ಮೂಕ. ತ್ರಿಮೂರ್ತಿ ದೇವಾಲಯದ ಬಯಲಿಗೆ ಓಡಿದೆ. ಅಲ್ಲಿಯೂ ಇಲ್ಲ. ಕೊನೆಗೆ ಬಿಗಿದ ಮುಷ್ಟಿ ಸಡಿಲಿಸಿ, ಎರಡು ಬೆರಳಲ್ಲಿ ಅದರ ಅಂಚು ಹಿಡಿದು ಎತ್ತಿದಾಗ ಕರೆ ಹೋಯಿತು. ಅಪ್ಪಯ್ಯ ಈಗ ಕ್ಷೇಮವಾಗಿದ್ದಾರೆ. ಮುಷ್ಟಿಗೂ ಮಾತಿಗೂ ಏನು ನಂಟು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ಅಲೆಯುದ್ದ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿದ ಸರಳ ಏರಿಯಲ್ ಅಲೆಯುದ್ದದ ಕಾಲುಭಾಗವಿದ್ದರೆ ಚೆನ್ನಾಗಿ ಮಿಡಿಯುತ್ತದೆ. ನಮ್ಮ ಹಿರಿಯರು ಬಲ್ಲ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಅಲೆ 444 ಮೀಟರ್ ಉದ್ದ. ಕಾಲುಭಾಗವೆಂದರೆ 111 ಮೀಟರ್! ಮೊಬೈಲಿನ 900 ಮೆಗಾಹರ್ಟ್ಸಿಗೆ 8 ಸೆಂಟಿಮೀಟರಿಗೆ ತುಸು ಹೆಚ್ಚು ಸಾಕು, 1800ಕ್ಕೆ 4, 2400ಕ್ಕೆ 3.

ಹಾಗಾದರೆ ಒಂದು ಮೊಬೈಲಿನಲ್ಲಿ ಎಷ್ಟು ಏರಿಯಲ್ ತುಂಬುವುದು? ವೀಣೆಯನ್ನು ನೆನೆಯಿರಿ. ತಂತಿ ಒಂದೇ, ಬೆರಳು ಒತ್ತುವ ಮೆಟ್ಟಿಲು ಬದಲಾದಂತೆ ಸ್ವರ ಬದಲಾಗುತ್ತದೆ. ರೂಪ ಬದಲಿಸುವ ಏರಿಯಲ್ಲಿನ ಗುಟ್ಟೂ ಇದೇ. ಲೋಹದ ಪಟ್ಟಿಯ ನಡುವೆ ಪಿನ್ ಡಯೋಡ್ ಎಂಬ ಪುಟ್ಟ ಸ್ವಿಚ್ಚು ಇಡುತ್ತಾರೆ. ವಿದ್ಯುತ್ತು ಕೊಟ್ಟರೆ ಆಚೆಯ ತುಂಡೂ ಕೂಡಿ ಪಟ್ಟಿ ಉದ್ದವಾಗುತ್ತದೆ, ನಿಲ್ಲಿಸಿದರೆ ಗಿಡ್ಡವಾಗುತ್ತದೆ. ಇನ್ನೊಂದು ಉಪಾಯ ವ್ಯಾರಾಕ್ಟರ್: ವೋಲ್ಟೇಜಿಗೆ ತಕ್ಕಂತೆ ಧಾರಕತೆ ಬದಲಿಸುವ ಡಯೋಡ್. ಹಳೆಯ ರೇಡಿಯೋದಲ್ಲಿ ಅಜ್ಜ ತಿರುಗಿಸುತ್ತಿದ್ದ ಕಂಡೆನ್ಸರಿನ ಕೆಲಸವನ್ನು ಇದು ಸದ್ದಿಲ್ಲದೆ ಮಾಡುತ್ತದೆ. ಸರ್ಕೀಟಿನ ಧಾರಕತೆ ನಾಲ್ಕು ಪಟ್ಟಾದರೆ ಕಂಪನಸಂಖ್ಯೆ ಅರ್ಧಕ್ಕಿಳಿಯುತ್ತದೆ.

ಪಟ್ಟಿಯನ್ನು ಹಾವಿನ ನಡೆಯಂತೆ ಮಡಿಸಿ ಜಾಗ ಉಳಿಸಬಹುದು. ಆದರೆ ಪುಕ್ಕಟೆಯಾಗಿ ಏನೂ ಸಿಗದು. ಏರಿಯಲ್ ಅಲೆಗಿಂತ ತೀರ ಕಿರಿದಾದರೆ ಅದು ಸ್ಪಂದಿಸುವ ಕಂಪನಗಳ ಹರವು ಕುಗ್ಗುತ್ತದೆ, ಲೋಹದಲ್ಲಿ ಬಿಸಿಯಾಗಿ ಹೋಗುವ ಪಾಲು ಹೆಚ್ಚುತ್ತದೆ. 1947ರಲ್ಲಿ ವೀಲರ್, 1948ರಲ್ಲಿ ಚೂ ಎಂಬ ವಿಜ್ಞಾನಿಗಳು ಈ ಮಿತಿಯನ್ನು ಲೆಕ್ಕದಿಂದ ತೋರಿಸಿದರು. ಸ್ವಿಚ್ಚುಗಳೂ ಒಂದಿಷ್ಟು ಶಕ್ತಿಯನ್ನು ನುಂಗುತ್ತವೆ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಇನ್ನು ನನ್ನ ಮುಷ್ಟಿ. ನಮ್ಮ ಕೈಯಲ್ಲಿ ನೀರಿನಂಶವೇ ಹೆಚ್ಚು. ಅದು ಏರಿಯಲ್ಲನ್ನು ಮುಚ್ಚಿದಾಗ ಸ್ವಲ್ಪ ಶಕ್ತಿಯನ್ನು ಹೀರುತ್ತದೆ. ಧಾರಕತೆಯನ್ನೂ ಹೆಚ್ಚಿಸಿ ಶ್ರುತಿಯನ್ನು ಕೆಳಗೆ ಎಳೆಯುತ್ತದೆ. ಹೊಸ ಮೊಬೈಲುಗಳಲ್ಲಿ ಹಲವು ಈ ಅಪಶ್ರುತಿಯನ್ನು ತಾವೇ ಅಳೆದು ಸರಿಪಡಿಸಿಕೊಳ್ಳುತ್ತವೆ, ಇಲ್ಲವೆ ಮುಚ್ಚದ ತುದಿಯಲ್ಲಿರುವ ಇನ್ನೊಂದು ಏರಿಯಲ್ಲಿಗೆ ಹಾರುತ್ತವೆ. ನನ್ನದು ಹಳೆಯದು. ಗೋಪುರವೇ ದೂರವಿದ್ದರೆ ಯಾವ ಜಾಣ ಏರಿಯಲ್ಲೂ ಪವಾಡ ಮಾಡದು. ಆದರೆ ಅಂದು ಬಂದಳಿಕೆಯ ಬಯಲಿನಲ್ಲಿ ಬೇಕಾಗಿದ್ದುದು ಎಳೆಯಷ್ಟೇ ಹೆಚ್ಚಿನ ಅಲೆ. ಈಗ ಅಮ್ಮನೂ ಮೊಬೈಲನ್ನು ಅಂಚಿನಲ್ಲಿ ಹಿಡಿಯುತ್ತಾಳೆ.