ಮೋಡಿಫೈ ಮಾಡಿಸುವ ಮೊದಲು ಒಮ್ಮೆ ಚಾರ್ಮಾಡಿ ಇಳಿಯಿರಿ

ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ತಂದವರು ಮೊದಲ ವಾರದಲ್ಲೇ ಗ್ಯಾರೇಜಿಗೆ ಬಂದು ಕೇಳುವುದು ಇದನ್ನೇ: "ಅಣ್ಣ, ಮೊದಲು ರೀಮ್ಯಾಪಾ, ಸೈಲೆನ್ಸರಾ?" ಬ್ರೇಕ್ ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ ಮಾರಾಯ್ರೆ ಎಂದು ಮೆಕ್ಯಾನಿಕ್ ತಿರುಗಿ ಕೇಳಿದರೆ ಮಾತು ನಿಲ್ಲುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಟ್ಟಿಗೆ ಸ್ಪೋರ್ಟ್ಸ್ ಕಾರು ಎಂದರೆ ಫೆರಾರಿ, ಪೋರ್ಷೆ ಅಲ್ಲ. ಅಂಥದ್ದು ಕಂಡರೆ ಅದು ಧರ್ಮಸ್ಥಳಕ್ಕೆ ಹೊರಟ ದೂರದೂರಿನವರದ್ದು. ಹಂಪನ್ನು ಓರೆಯಾಗಿ, ಉಸಿರು ಬಿಗಿಹಿಡಿದು ದಾಟಿಸುವುದರಲ್ಲೇ ಗೊತ್ತಾಗುತ್ತದೆ. ನಮ್ಮವರದ್ದು ಪೋಲೊ ಜಿಟಿ, ಐ20 ಎನ್ ಲೈನ್, ವರ್ಟಸ್ ಜಿಟಿ, ಹಳೆಯ ಆಕ್ಟೇವಿಯಾ. ದಿನಾ ಕೆಲಸಕ್ಕೂ ಅದೇ, ಮದುವೆ ಮನೆಗೂ ಅದೇ, ಅಡಿಕೆ ಗೋಣಿ ಹೇರಿಕೊಂಡು ಪೇಟೆಗೆ ಹೋಗುವುದಕ್ಕೂ ಅದೇ. ಆದ್ದರಿಂದ ಮೋಡಿಫೈ ಒಳ್ಳೆಯದೋ, ಕಂಪೆನಿ ಕೊಟ್ಟ ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದೋ ಎಂಬ ಪ್ರಶ್ನೆಗೆ ದುಬೈಯ ವಿಡಿಯೊ ನೋಡಿ ಉತ್ತರ ಹುಡುಕಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಏಳೆಂಟು ವರ್ಷ ನಮ್ಮ ರಸ್ತೆಯಲ್ಲಿ ಓಡಿದ ಕಾರು ಸ್ಟಾಕ್ ಆಗಿ, ಅಂದರೆ ಕಂಪೆನಿ ಕೊಟ್ಟ ಹಾಗೇ, ಉಳಿದಿರುವುದೇ ಇಲ್ಲ. ಬುಷ್ ಸವೆದು, ಶಾಕ್ ಅಬ್ಸಾರ್ಬರ್ ಸೋರಿ, ಟಯರಿನ ರಬ್ಬರು ಗಟ್ಟಿಯಾಗಿ, ಯಾರೂ ಹೇಳಿ ಮಾಡಿಸದ ಒಂದು ಮೋಡಿಫಿಕೇಶನ್ ತನ್ನಷ್ಟಕ್ಕೆ ನಡೆದಿರುತ್ತದೆ. 'ಸ್ಟಾಕ್ ಸಪ್ಪೆ' ಎನ್ನುವವರಲ್ಲಿ ಹೆಚ್ಚಿನವರು ನಿಜವಾದ ಸ್ಟಾಕ್ ಗಾಡಿಯನ್ನು ಓಡಿಸಿಯೇ ಇಲ್ಲ ಎಂಬುದು ನನ್ನ ಗುಮಾನಿ. ಹಾಗಾಗಿ ಕೆಲಸ ಇಲ್ಲಿಂದ ಶುರು ಮಾಡೋಣ.

1. ಗಾಡಿಯನ್ನು ಕಂಪೆನಿ ಕೊಟ್ಟ ಸ್ಥಿತಿಗೆ ತನ್ನಿ

ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ, ನೀವೇ ಅಡಿಯಲ್ಲಿ ನಿಂತು ನೋಡಿ. ಲೋವರ್ ಆರ್ಮ್ ಬುಷ್ ಬಿರುಕು ಬಿಟ್ಟಿದೆಯೇ, ಲಿಂಕ್ ರಾಡ್ ಅಲುಗುತ್ತದೆಯೇ, ಎಂಜಿನ್ ಮೌಂಟ್ ಕುಸಿದಿದೆಯೇ, ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿದ ಗುರುತು ಉಂಟೇ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಿದು. ತಳದ ತುಕ್ಕನ್ನೂ ಟಾರ್ಚ್ ಹಾಕಿ ಹುಡುಕಿ.

ಬ್ರೇಕ್ ಆಯಿಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದ್ದು ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ್ದಕ್ಕೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಮೇಲಿಂದ ಮೇಲೆ ಬ್ರೇಕ್ ಒತ್ತಿದರೆ ದ್ರವ ಕುದಿದು ಗುಳ್ಳೆಯೇಳುತ್ತದೆ, ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಂದು ಒಳ್ಳೆಯ ಸೈಲೆನ್ಸರಿನ ದುಡ್ಡಿನಲ್ಲಿ ಇದನ್ನು ಗಾಡಿಯ ಆಯುಷ್ಯವಿಡೀ ಮಾಡಿಸಬಹುದು.

2. ಒಂದು ಸುತ್ತು ಹೊಡೆದು ಪಟ್ಟಿ ಬರೆಯಿರಿ

ನಮಗೆ ಪರೀಕ್ಷೆಗೆ ಒಳ್ಳೆಯ ದಾರಿ ಉಂಟು. ಬಂಟ್ವಾಳದಿಂದ ಸಿದ್ದಕಟ್ಟೆಯಾಗಿ ಮೂಡುಬಿದಿರೆ, ಅಲ್ಲಿಂದ ವೇಣೂರಾಗಿ ಗುರುವಾಯನಕೆರೆ, ಮತ್ತೆ ಪುಂಜಾಲಕಟ್ಟೆಯಾಗಿ ಬಂಟ್ವಾಳ. ಏರು, ಇಳಿಜಾರು, ತಿರುವು, ತೇಪೆ ಹಾಕಿದ ಡಾಮರು, ಶಾಲೆಯ ಎದುರಿನ ಹಂಪು ಎಲ್ಲವೂ ಸಿಗುತ್ತದೆ. ಇನ್ನೊಂದು ದಿನ ಉಜಿರೆ, ಮುಂಡಾಜೆ ದಾಟಿ ಚಾರ್ಮಾಡಿ ಹತ್ತಿ, ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ಬ್ರೇಕಿಂಗಿನಿಂದಲೇ ಇಳಿಯಿರಿ. ಒಂದು ಸುತ್ತು ಹಗಲು, ಒಂದು ರಾತ್ರಿ, ಸಾಧ್ಯವಾದರೆ ಒಂದು ಮಳೆಯಲ್ಲಿ. ಚಾರ್ಮಾಡಿಯನ್ನು ಮಾತ್ರ ಹಗಲಿಗೇ ಇಟ್ಟುಕೊಳ್ಳಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಅಲ್ಲಿನ ಸಂಚಾರ ನಿರ್ಬಂಧ ಆಗಾಗ ಬದಲಾಗುತ್ತಿರುತ್ತದೆ. ಹೊರಡುವ ಮೊದಲು ವಿಚಾರಿಸಿ.

ಮನೆಗೆ ಬಂದು ಗಾಡಿಯಲ್ಲಿ ಕಿರಿಕಿರಿಯಾದದ್ದನ್ನೆಲ್ಲ ಬರೆಯಿರಿ. 'ಪವರ್ ಸಾಲದು' ಎಂಬುದು ಎಷ್ಟನೆಯ ಸಾಲಿನಲ್ಲಿ ಬಂತು ನೋಡಿ. ನನ್ನ ಪಟ್ಟಿಯಲ್ಲಿ ಅದು ಐದನೆಯದು. ಮೊದಲನೆಯದು ಹೆಡ್‌ಲೈಟು, ಎರಡನೆಯದು ಟಯರು.

3. ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು ಸರಳ: ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. 'ಒಂದೊಂದಕ್ಕೂ' ಎಂಬುದನ್ನು ಗಮನಿಸಿ. ನಾಲ್ಕು ಕಡೆ ಕೈ ಹಾಕಿದ್ದರೆ ಲೆಕ್ಕವೂ ನಾಲ್ಕು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಬೇರೆಯೇ ಕಲಂ, 10,000 ರೂಪಾಯಿವರೆಗೆ. ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ನೀವೂ ಪತ್ರಿಕೆಯಲ್ಲಿ ನೋಡಿರುತ್ತೀರಿ.

ಗಾಜಿಗೆ ಕಪ್ಪು ಫಿಲ್ಮ್ ಬೇಡವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರಲ್ಲಿ. ಮುಂದಿನ, ಹಿಂದಿನ ಗಾಜಿನಲ್ಲಿ 70 ಶೇಕಡಾ, ಬದಿಯದ್ದರಲ್ಲಿ 50 ಶೇಕಡಾ ಬೆಳಕು ಹಾಯಬೇಕು ಎಂಬುದು ನಿಯಮ. ಬುಲ್ ಬಾರ್ ಬೇಡವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಬಣ್ಣ ಬದಲಿಸುವುದಕ್ಕೆ ಅಡ್ಡಿಯಿಲ್ಲ, ಆದರೆ ಆರ್‌ಸಿಯಲ್ಲಿ ನಮೂದಾಗಬೇಕು. ಫಲಕ ಕೆಎ 70 ಇರಲಿ, 21 ಇರಲಿ, 19 ಇರಲಿ, ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಕೆಲಸಕ್ಕೆ ಮೊದಲೇ ಕೇಳಿ. ಹದಿನೈದು ವರ್ಷಕ್ಕೆ ನೋಂದಣಿ ನವೀಕರಣಕ್ಕೆ ಹೋದಾಗ ಗಾಡಿಯನ್ನು ಪರಿಶೀಲಿಸುತ್ತಾರೆ. ಆಗ ಹಳೆ ಸಾಹಸಗಳೆಲ್ಲ ಹೊರಬರುತ್ತವೆ.

ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ಮುಳುವಾಗುತ್ತದೆ. ಆಂಪ್ಲಿಫೈಯರ್, ಲೈಟಿನಂಥ ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ಪಾಲಿಸಿಗೆ ಸೇರಿಸಲು ಐಎಂಟಿ 24 ಎಂಬ ಷರತ್ತೇ ಇದೆ. ಬಿಲ್ಲು ಕೊಟ್ಟು ಸೇರಿಸಿ.

4. ಟಯರು: ಮೊದಲ ಖರ್ಚು ಇಲ್ಲಿ

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಗಲದಲ್ಲಿ. ಅದಕ್ಕಿಂತ ದೊಡ್ಡ ಮೋಡಿಫಿಕೇಶನ್ ಬೇರೊಂದಿಲ್ಲ. ಸೈಜ್ ಬದಲಿಸುವವರು ಒಂದು ಲೆಕ್ಕ ಮಾಡಿಕೊಳ್ಳಿ. 185/60 ಆರ್15 ಎಂದರೆ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ 60 ಶೇಕಡಾ, ಅಂದರೆ 111. ಮೇಲೆ ಕೆಳಗೆ ಸೇರಿ 222, ಜೊತೆಗೆ ರಿಮ್ಮಿನ 15 ಇಂಚು ಅಂದರೆ 381. ಒಟ್ಟು ವ್ಯಾಸ 603 ಮಿ.ಮೀ. ಇದರ ಬದಲು 195/55 ಆರ್15 ಹಾಕಿದರೆ 595.5. ಒಂದೂಕಾಲು ಶೇಕಡಾ ಕಡಿಮೆ, ತೊಂದರೆಯಿಲ್ಲ. 205/55 ಆರ್16 ಹಾಕಿದರೆ 632ರ ಹತ್ತಿರ. ಐದು ಶೇಕಡಾದ ಹತ್ತಿರ ಬರುವ ಇಂಥ ವ್ಯತ್ಯಾಸಕ್ಕೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಚಕ್ರ ತಿರುಗಿಸಿದಾಗ ಫೆಂಡರಿನ ಒಳಗೋಡೆಗೆ ಉಜ್ಜಲೂಬಹುದು. ಮೂರು ಶೇಕಡಾ ದಾಟಬೇಡಿ. ನಿಮ್ಮದೇ ಮಾದರಿಯ ಟಾಪ್ ವೇರಿಯಂಟಿನಲ್ಲಿ ಕಂಪೆನಿ ಕೊಡುವ ಸೈಜಾದರೆ ಆರ್‌ಟಿಒ ಎದುರೂ ಧೈರ್ಯ.

ಅಗಲ ಹೆಚ್ಚಾದಷ್ಟೂ ಹಿಡಿತ ಹೆಚ್ಚು ಎಂಬ ಮಾತು ಒಣರಸ್ತೆಯದ್ದು. ಜೂನ್ ತಿಂಗಳಲ್ಲಿ ನಿಂತ ನೀರಿನ ಮೇಲೆ ಅಗಲದ ಟಯರು ಬೇಗ ತೇಲುತ್ತದೆ. ಕಾನೂನು 1.6 ಮಿ.ಮೀ. ಗೆರೆ ಉಳಿದರೆ ಸಾಕೆನ್ನುತ್ತದೆ. ನಾನು 3 ಮಿ.ಮೀ.ಗೇ ಬದಲಿಸುತ್ತೇನೆ. ಹೆದ್ದಾರಿ ಅಗಲೀಕರಣದ ಕೆಂಪು ಮಣ್ಣು ಮಳೆಗೆ ಕರಗಿ ಡಾಮರಿಗೆ ಬಂದ ದಿನ ಯಾಕೆಂದು ತಿಳಿಯುತ್ತದೆ.

5. ಲೈಟು, ಎತ್ತರ, ಗಾಳಿ

ಹ್ಯಾಲೊಜೆನ್ ಡೂಮಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕಬೇಡಿ. ಪ್ರತಿಫಲಕ ಬೇರೆ ಬಲ್ಬಿಗೆ ಲೆಕ್ಕ ಹಾಕಿದ್ದು. ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಹೋಗುತ್ತದೆ, ನಿಮ್ಮ ರಸ್ತೆ ಮಾತ್ರ ಕತ್ತಲೆ. ಮೊದಲು ಮಂಜಾದ ಗಾಜನ್ನು ಪಾಲಿಶ್ ಮಾಡಿಸಿ, ಲೈಟಿನ ಎತ್ತರ ಸರಿಹೊಂದಿಸಿ, ಒಳ್ಳೆಯ ಕಂಪೆನಿಯ 60/55 ವ್ಯಾಟ್ ಬಲ್ಬು ಹಾಕಿ. ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

ಲೋವರಿಂಗ್ ಸ್ಪ್ರಿಂಗ್ ನನ್ನ ಸ್ವಂತ ಪಾಠ. ಹಾಕಿಸಿದ ದಿನ ಗಾಡಿ ಚಿರತೆಯಂತೆ ಕೂತಿತ್ತು. ಸಂಜೆ ಮನೆಗೆ ತಿರುಗುವ ಕೆಂಪುಕಲ್ಲಿನ ಏರಿನಲ್ಲಿ ಹೊಟ್ಟೆ ಕೆರೆದ ಶಬ್ದ ಕೇಳಿ ತೋಟದಲ್ಲಿದ್ದ ಅಪ್ಪ ಓಡಿ ಬಂದರು. "ಏನು, ಹಂದಿ ಸಿಕ್ಕಿತಾ?" ಒಂದು ತಿಂಗಳು ಗಾಡಿಯನ್ನು ಕೆಳಗೆ ರಸ್ತೆಬದಿಯಲ್ಲಿ ನಿಲ್ಲಿಸಿ, ಛತ್ರಿ ಹಿಡಿದು ನಡೆದು ಹೋದೆ. ಆಮೇಲೆ ಹಳೆ ಸ್ಪ್ರಿಂಗ್ ವಾಪಸು. ವರ್ಟಸಿಗೆ ಖಾಲಿ ಇರುವಾಗ ಕಂಪೆನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ.; ನಾಲ್ಕು ಜನ ಕೂತರೆ ಅದರಲ್ಲೂ ಕಡಿಮೆಯಾಗುತ್ತದೆ. ಮತ್ತೆ 30, 40 ಕಳೆಯುವ ಮೊದಲು ನಿಮ್ಮ ಮನೆಯ ಅಂಗಳದ ಏರನ್ನು ಅಳೆಯಿರಿ. ತಿರುವಿನಲ್ಲಿ ಬಿಗಿ ಬೇಕಾದರೆ ಎತ್ತರ ಹಾಗೇ ಇಟ್ಟು ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿ.

ಬಾನೆಟ್ಟಿನೊಳಗೆ ಬರಿದೇ ಕೂರುವ ಕೋನ್ ಫಿಲ್ಟರ್ ಬೇಡ. ಕಂಪೆನಿ ಗಾಳಿಯ ಬಾಯಿಯನ್ನು ಎತ್ತರದಲ್ಲಿ, ಡಬ್ಬಿಯೊಳಗೆ ಅಡಗಿಸಿಟ್ಟಿದ್ದು ಸುಮ್ಮನೆ ಅಲ್ಲ. ನೀರು ಒಳಗೆಳೆದರೆ ಪಿಸ್ಟನ್ನಿಗೆ ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್, ಹೊಳೆ ಆ ಅಂಕಿಯ ಹತ್ತಿರ ಬಂದ ದಿನ ತಗ್ಗಿನ ರಸ್ತೆಗಳಲ್ಲಿ ಎಷ್ಟು ನೀರಿರುತ್ತದೆ ಎಂದು ಪೇಟೆಯವರಿಗೆ ಹೇಳಬೇಕಿಲ್ಲ. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಷನ್ ಸೇರಿಸಿಕೊಳ್ಳಿ, ಫಿಲ್ಟರ್ ಮೂಲದ್ದೇ ಇರಲಿ.

6. ರೀಮ್ಯಾಪ್ ಬಗ್ಗೆ ಗೇರ್ ಬಾಕ್ಸನ್ನು ಕೇಳಿ

ಟರ್ಬೊ ಗಾಡಿಯಲ್ಲಿ ಬರೀ ಸಾಫ್ಟ್‌ವೇರ್ ಬದಲಿಸಿ ಟಾರ್ಕ್ ಏರಿಸಬಹುದು. ಸ್ಟೇಜ್ 1 ಎನ್ನುವುದು ಅದಕ್ಕೇ. ಸುಲಭವಾಗಿರುವುದೇ ಅದರ ಅಪಾಯ. ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್ 150 ಪಿಎಸ್, 250 ನ್ಯೂಟನ್ ಮೀಟರ್ ಕೊಡುತ್ತದೆ. ಅದರ ಜೊತೆ ಬರುವ ಏಳು ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿಯನ್ನು ವಿನ್ಯಾಸ ಮಾಡಿದ್ದೇ 250 ನ್ಯೂಟನ್ ಮೀಟರಿಗೆ. ಕಂಪೆನಿಯೇ ಅಂಚಿನವರೆಗೆ ತುಂಬಿಸಿ ಕೊಟ್ಟ ಕೊಡವದು. ಮೇಲೆ ಸುರಿದದ್ದು ಕ್ಲಚ್ಚಿನ ಮೇಲೆ ಚೆಲ್ಲುತ್ತದೆ. ಮ್ಯಾನುವಲ್ ಇದ್ದವರಿಗೂ ಕ್ಲಚ್ಚಿನ ಮಿತಿ ಇದ್ದೇ ಇದೆ, ಬೆಲೆ ಮಾತ್ರ ಕಡಿಮೆ.

ವಾರಂಟಿ ಇರುವವರು ಯೋಚನೆಯನ್ನೇ ಬಿಡಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಅನ್ಯ ಸಾಫ್ಟ್‌ವೇರ್ ಪತ್ತೆಯಾದರೆ ಕಂಪೆನಿಯ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ. ಆಮೇಲೆ ಹಳೆ ಫೈಲ್ ಹಾಕಿ ಅಮಾಯಕರಂತೆ ಹೋದರೂ ಅಳಿಯುವುದಿಲ್ಲ. ಹೆಚ್ಚಿನ ಟ್ಯೂನುಗಳು 95 ಆಕ್ಟೇನಿನ ಪೆಟ್ರೋಲನ್ನು ಬಯಸುತ್ತವೆ. 91ರ ದರ್ಜೆಯದ್ದು ಸಾಲದು. ನೀವು ದಿನಾ ಹೋಗುವ ಬಂಕಿನಲ್ಲಿ 95 ಸಿಗದಿದ್ದರೆ ಆ ಟ್ಯೂನ್ ನಿಮಗಲ್ಲ.

ವೇಗದ ಹುಚ್ಚನ್ನು ನಾನು ತಪ್ಪೆನ್ನುವುದಿಲ್ಲ. ಕಂಬಳದ ಊರಿನವರು ನಾವು. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಲೋಕವೇ ತಿರುಗಿ ನೋಡಿತು. ಆದರೆ ಅವರು ಓಡಿದ್ದು ಕರೆಯಲ್ಲಿ, ಬಸ್ ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲಲ್ಲ. ಕೋಣಕ್ಕೆ ಕರೆ ಇದ್ದ ಹಾಗೆ ಕಾರಿಗೆ ಕೊಯಮತ್ತೂರಿನ ಕರಿ ಉಂಟು: 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ. ಚೆನ್ನೈ ಹತ್ತಿರ ಇರುಂಗಾಟುಕೋಟೈಯಲ್ಲಿ ಇನ್ನೊಂದು. ಟ್ರ್ಯಾಕ್ ಡೇ ಇರುವಾಗ ಹೋಗಿ, ಸ್ಟಾಕ್ ಗಾಡಿಯನ್ನೇ ಓಡಿಸಿ. ಗೌರವ್ ಗಿಲ್ ಪಕ್ಕದ ಸೀಟಿನಲ್ಲಿ ನೋಟ್ಸ್ ಓದುತ್ತಾ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ಗಳನ್ನು ಗೆದ್ದ ಮೂಸಾ ಶರೀಫ್ ನಮ್ಮ ನೆರೆಯ ಕಾಸರಗೋಡಿನವರು. ಅವರು ಕೂತ ಗಾಡಿಗಳೂ ಆಮೂಲಾಗ್ರ ಬದಲಾದವೇ. ಅವುಗಳಲ್ಲಿ ರೋಲ್ ಕೇಜ್, ಹೆಲ್ಮೆಟ್ ಇರುತ್ತದೆ, ಎದುರಿಗೆ ಮುಚ್ಚಿದ ರಸ್ತೆ ಇರುತ್ತದೆ. ನಮ್ಮ ಎದುರಿಗೆ ಬರುವುದು ಕಾಲೇಜು ಬಸ್ಸು.

7. ಬಿಚ್ಚಿದ್ದನ್ನು ಎಸೆಯಬೇಡಿ

ಏನೇ ಬದಲಿಸಿದರೂ ಹಿಂದಕ್ಕೆ ಹಾಕುವ ಹಾಗಿರಲಿ. ವೈರ್ ಕತ್ತರಿಸದೆ ಕಪ್ಲರಿನಲ್ಲೇ ಜೋಡಿಸಿಕೊಡಿ ಎಂದು ಎಲೆಕ್ಟ್ರೀಶಿಯನ್ನಿಗೆ ಮೊದಲೇ ಹೇಳಿ. ಮಾರುವ ದಿನ ಕೊಳ್ಳುವವನು ಮೂಲ ಬಿಡಿಭಾಗ ಕೇಳುತ್ತಾನೆ.

ಮೂಲದ ಬೆಲೆ ಏನೆಂದು ನೋಡಬೇಕಾದರೆ ಧರ್ಮಸ್ಥಳಕ್ಕೆ ಹೋದಾಗ ದರ್ಶನ ಮುಗಿಸಿ ಮಂಜೂಷಾದ ಹಳೆ ಕಾರುಗಳ ಸಂಗ್ರಹಾಲಯದಲ್ಲಿ ಒಂದು ಗಂಟೆ ಕಳೆಯಿರಿ. ಮಕ್ಕಳು ಮುಟ್ಟಲು ಕೈ ಚಾಚುತ್ತಾರೆ, ದೊಡ್ಡವರು 'ಇದು ಈಗಲೂ ಸ್ಟಾರ್ಟ್ ಆಗುತ್ತದಾ' ಎಂದು ಕೇಳುತ್ತಾರೆ. ಅಗಲದ ಟಯರು ಹಾಕಿದ್ದರೆ ಚೆನ್ನಾಗಿತ್ತು ಎಂದವರನ್ನು ನಾನಿನ್ನೂ ಕಂಡಿಲ್ಲ.

2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದಲ್ಲೂ ಇದೇ ಷರತ್ತು. ಗಾಡಿಗೆ 50 ವರ್ಷ ತುಂಬಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಆಗ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಪೋಲೊ ಜಿಟಿ ಟಿಎಸ್‌ಐ ನಮ್ಮಲ್ಲಿ ಬಿಡುಗಡೆಯಾದದ್ದು 2013ರಲ್ಲಿ. ಅದಕ್ಕೆ 2063ರವರೆಗೆ ಸಮಯವಿದೆ. ಬಿಚ್ಚಿದ ಮೂಲ ಸೈಲೆನ್ಸರಿಗೆ ಎಣ್ಣೆ ಸವರಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಅಟ್ಟಕ್ಕೇರಿಸಿ. ತುರುಕದಿದ್ದರೆ ಇಲಿ ಸಂಸಾರ ಹೂಡುತ್ತದೆ, ನಮ್ಮ ಮನೆಯಲ್ಲಿ ಹೂಡಿದೆ.