ಪರದೆಯ ಮೇಲಣ ಎಲೆಯಾಟ ಮತ್ತು ಕೆಟ್ಟ ನಿದ್ರೆ

ಕಳೆದ ತಿಂಗಳ ಮೊದಲ ವಾರದಲ್ಲಿ ತಾಯಿಯೊಬ್ಬರು ತಮ್ಮ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಇಂಜಿನಿಯರಿಂಗ್ ಕೊನೆಯ ವರ್ಷದ ತರುಣ. ಕಣ್ಣುರಿ, ಮಲಬದ್ಧತೆ, ಅಗ್ನಿಮಾಂದ್ಯ, ಮೂತ್ರ ವಿಸರ್ಜಿಸುವಾಗ ಉರಿ. ವಾತಪ್ರಕೋಪವೆಂದು ತಿಳಿಯಲು ತಡವಾಗಲಿಲ್ಲ. ಕಾರಣ ತಿಳಿಯಲು ಮಾತ್ರ ಅರ್ಧ ಗಂಟೆ ಹಿಡಿಯಿತು. “ರಾತ್ರಿಯೆಲ್ಲಾ ಮೊಬೈಲ್‌ನಾಗ ಇಸ್ಪೀಟ ಆಡ್ತಾನ್ರೀ ಡಾಕ್ಟ್ರ” ಎಂದು ತಾಯಿ ಕಣ್ಣೊರೆಸಿಕೊಂಡರು. “ಇಸ್ಪೀಟ ಅಲ್ಲವ್ವಾ” ಎಂದ ಮಗ. ಇಬ್ಬರ ಮಾತೂ ಅರ್ಧರ್ಧ ನಿಜವೆಂದು ನಮಗೆ ಆಮೇಲೆ ಮನವರಿಕೆಯಾಯಿತು.

ಆ ಆಟದ ಹೆಸರು ಹಾರ್ತ್‌ಸ್ಟೋನ್. ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ ೨೦೧೪ರಲ್ಲಿ ಹೊರತಂದದ್ದು. ಆಟಗಾರನು ತನ್ನ ಸಂಗ್ರಹದಿಂದ ೩೦ ಎಲೆಗಳನ್ನು ಆಯ್ದು ಕಟ್ಟು ಮಾಡಿಕೊಂಡು, ಎಲ್ಲಿಯೋ ಇರುವ ಎದುರಾಳಿಯೊಡನೆ ಸೆಣಸುತ್ತಾನೆ. ಸರದಿಗೊಂದರಂತೆ ಹತ್ತರವರೆಗೆ ಶಕ್ತಿಯ ಹರಳುಗಳು ಬೆಳೆಯುತ್ತವೆ. ಅವನ್ನು ವೆಚ್ಚ ಮಾಡಿ ಎಲೆ ಇಳಿಸಬೇಕು. ನಿಯಮ ಸರಳ, ಲೆಕ್ಕಾಚಾರ ಆಳ. ಜಕಾರ್ತಾದಲ್ಲಿ ನಡೆದ ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪ್ರದರ್ಶನ ಸ್ಪರ್ಧೆಯಾಗಿದ್ದು, ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದರು. ಆದುದರಿಂದ ಇದನ್ನು ದಡ್ಡರ ಕಾಲಹರಣವೆಂದು ತಳ್ಳಿಹಾಕುವಂತಿಲ್ಲ. ತರುಣನು ನಮಗೂ ಒಂದು ಆಟ ಕಲಿಸಿದ. ಸೋತೆವು. ಇನ್ನೊಂದು ಆಡೋಣವೆನಿಸಿತೆಂಬುದನ್ನು ಮುಚ್ಚಿಡುವುದಿಲ್ಲ.

ಸೆಳೆತ ಆಟದಲ್ಲಿ ಎಷ್ಟಿದೆಯೋ ಪೊಟ್ಟಣದಲ್ಲಿ ಅದಕ್ಕಿಂತ ಹೆಚ್ಚಿದೆ. ಹೊಸ ಎಲೆಗಳು ಮುಚ್ಚಿದ ಪೊಟ್ಟಣದಲ್ಲಿ ಐದೈದಾಗಿ ಬರುತ್ತವೆ. ಪೊಟ್ಟಣವನ್ನು ಆಡಿ ಗಳಿಸಬಹುದು, ನಿಜವಾದ ಹಣ ತೆತ್ತೂ ಕೊಳ್ಳಬಹುದು. ಬಿಚ್ಚಿದಾಗ ಎಲೆಗಳು ಬೋರಲಾಗಿರುತ್ತವೆ. ಅಪೂರ್ವವಾದುದಿದ್ದರೆ ಅಂಚಿನಲ್ಲಿ ಕಿತ್ತಳೆ ಬಣ್ಣ ಹೊಳೆಯುತ್ತದೆ. ಅಂತಹ ಎಲೆ ಸರಾಸರಿ ೨೦ ಪೊಟ್ಟಣಗಳಿಗೊಂದು. ಈ ಬಗೆಯ ಸಂಭವಾಂಶವನ್ನು ಬಹಿರಂಗಪಡಿಸಬೇಕೆಂಬ ನಿಯಮವನ್ನು ಚೀನಾ ೨೦೧೭ರಲ್ಲಿ ಜಾರಿಗೆ ತಂದಿತು. ಮರುವರ್ಷ ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು ಕೆಲವು ಆಟಗಳಲ್ಲಿ ಹಣಕ್ಕೆ ಮಾರುವ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ಬಗೆಯಿತು. ತಾಯಿಯ ಮಾತಿನ ಅರ್ಧ ಸತ್ಯ ಇಲ್ಲಿದೆ.

ಬೇಡದ ಎಲೆಯನ್ನು ಪುಡಿ ಮಾಡಿ ಆ ಪುಡಿಯಿಂದ ಬೇಕಾದ ಎಲೆ ಮಾಡಿಕೊಳ್ಳುವ ಉಪಾಯವೂ ಉಂಟು. ಅಪೂರ್ವ ಎಲೆ ಪುಡಿಯಾದರೆ ೪೦೦, ಹೊಸದು ಮಾಡಲು ೧೬೦೦. ಸಾಧಾರಣ ಎಲೆಗೆ ೫, ಮಾಡಲು ೪೦. ಹಳೆಯ ಒಡವೆ ಮುರಿಸಿ ಹೊಸದು ಮಾಡಿಸುವಾಗ ಅಕ್ಕಸಾಲಿಗನೂ ಇಷ್ಟು ಸವಕಳಿ ಹಿಡಿಯಲಾರ! ಈ ಎಲೆಗಳನ್ನು ಗೆಳೆಯನಿಗೆ ಕೊಡುವಂತಿಲ್ಲ, ಮಾರುವಂತಿಲ್ಲ. ೨೦೧೬ರಿಂದ ಮುಖ್ಯ ಸ್ಪರ್ಧಾ ವಿಭಾಗದಲ್ಲಿ ಹಳೆಯ ಎಲೆಗಳು ವರ್ಷವರ್ಷವೂ ಹೊರಬೀಳುತ್ತವೆ, ಮತ್ತೆ ಪೊಟ್ಟಣ. ತರುಣನು ಪರೀಕ್ಷಾ ಶುಲ್ಕಕ್ಕೆಂದು ತಾಯಿ ಕೊಟ್ಟ ಹಣವನ್ನು ಇದಕ್ಕೆ ಸುರಿದಿದ್ದನೆಂಬುದು ನಮ್ಮ ಮುಂದೆಯೇ ಹೊರಬಿತ್ತು. ಆ ತಾಯಿ ಬೈಯಲಿಲ್ಲ. ಸುಮ್ಮನೆ ಕುಳಿತರು.

ಇನ್ನು ಶರೀರದ ವಿಚಾರ. ಒಂದು ಸರದಿಗೆ ಸುಮಾರು ೭೫ ಸೆಕೆಂಡು. ಸಮಯ ತೀರುತ್ತ ಬಂದಾಗ ಪರದೆಯ ನಡುವೆ ಹಗ್ಗವೊಂದು ಉರಿಯತೊಡಗುತ್ತದೆ. ಎದುರಾಳಿ ಜೀವಂತ ಮನುಷ್ಯನಾದ್ದರಿಂದ ಆಟವನ್ನು ನಿಲ್ಲಿಸಿಟ್ಟು ಏಳುವಂತಿಲ್ಲ. ಹೀಗಾಗಿ ಮೂತ್ರ, ಹಸಿವು, ಬಾಯಾರಿಕೆ, ನಿದ್ರೆ ಎಲ್ಲವನ್ನೂ ತಡೆಹಿಡಿಯುವುದು ರೂಢಿಯಾಗುತ್ತದೆ. ಚರಕಾಚಾರ್ಯರು ತಡೆಯಬಾರದೆಂದು ಹೇಳಿದ ಹದಿಮೂರು ವೇಗಗಳಲ್ಲಿ ಈ ನಾಲ್ಕೂ ಸೇರಿವೆ. ಮೂತ್ರ ಪರೀಕ್ಷೆ ಮಾಡಿಸಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ನಾವು ಉರಿಯನ್ನು ವೇಗಧಾರಣೆಯ ಲೆಕ್ಕಕ್ಕೆ ಸೇರಿಸಿದೆವು. ರಾತ್ರಿಜಾಗರಣೆ ರೂಕ್ಷಗುಣವುಳ್ಳದ್ದು, ವಾತವನ್ನು ಕೆರಳಿಸುತ್ತದೆ. ಪ್ರತಿ ತಿಂಗಳೂ ಶ್ರೇಣಿ ಹೊಸದಾಗಿ ಆರಂಭವಾಗುವುದರಿಂದ ಮಾಸಾಂತ್ಯದ ರಾತ್ರಿಗಳಲ್ಲಿ ಈತ ಕಣ್ಣೇ ಮುಚ್ಚುತ್ತಿರಲಿಲ್ಲ. ತಿಂಗಳ ಮೊದಲ ವಾರದಲ್ಲೇ ರೋಗ ಏಕೆ ಹೆಚ್ಚುತ್ತಿತ್ತೆಂಬುದು ಆಗ ಅರ್ಥವಾಯಿತು.

“ಫೋನನ್ನೇ ಒಡೆದುಹಾಕ್ಲೇನ್ರೀ?” ಎಂದು ತಾಯಿ ಕೇಳಿದರು. ಬೇಡವೆಂದೆವು. ರೂಢಿಯಾದ ಅಹಿತವನ್ನು ಒಮ್ಮೆಗೇ ಕಿತ್ತರೆ ಬೇರೆ ವಿಕಾರಗಳು ತಲೆದೋರುತ್ತವೆಂಬುದರಿಂದ ಶಾಸ್ತ್ರವು ಪಾದಾಂಶಿಕ ಕ್ರಮವನ್ನು ಹೇಳಿದೆ: ಕಾಲುಭಾಗ ಬಿಡುವುದು, ಆ ಜಾಗಕ್ಕೆ ಹಿತವಾದುದನ್ನು ತರುವುದು, ಒಗ್ಗಿದ ಮೇಲೆ ಇನ್ನೊಂದು ಕಾಲುಭಾಗ. ನಾಲ್ಕು ಗಂಟೆಯ ಆಟವನ್ನು ಮೂರಕ್ಕಿಳಿಸಿದೆವು. ಉಳಿದ ಗಂಟೆಗೆ ಸಂಜೆಯ ನಡಿಗೆ. ಫೋನಿನಿಂದ ಹಣ ಪಾವತಿಯ ವ್ಯವಸ್ಥೆಯನ್ನು ಮಾತ್ರ ಅಂದೇ ತೆಗೆಸಿದೆವು. ಅದಕ್ಕೆ ಕಾಲುಭಾಗದ ರಿಯಾಯಿತಿ ಇಲ್ಲ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ, ರಾತ್ರಿಯೂಟ ಎಂಟರೊಳಗೆ. ಅನಿವಾರ್ಯವಾಗಿ ನಿದ್ದೆಗೆಟ್ಟರೆ ಕೆಟ್ಟ ನಿದ್ದೆಯ ಅರ್ಧದಷ್ಟನ್ನು ಬೆಳಿಗ್ಗೆ ಏನನ್ನೂ ಉಣ್ಣುವ ಮೊದಲು ಮಲಗಿ ತುಂಬಿಕೊಳ್ಳಬೇಕು. ಉಂಡು ಮಧ್ಯಾಹ್ನ ಮಲಗುವುದಲ್ಲ.

ಆಡುವವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ, ೨೦೨೨ರಿಂದ ಜಾರಿಯಲ್ಲಿರುವಂತೆ, ಆಟದ ವ್ಯಸನವೂ ಒಂದು ವ್ಯಾಧಿ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು; ಇವು ಸಾಮಾನ್ಯವಾಗಿ ವರ್ಷಕಾಲ ಕಂಡಿರಬೇಕು. ಅಂಥವರನ್ನು ಮನೋವೈದ್ಯರ ಬಳಿ ಕರೆದೊಯ್ಯಲು ಸಂಕೋಚಪಡಬಾರದು.

ನಮ್ಮ ತರುಣನು ಈಗ ಎರಡನೆಯ ಕಾಲುಭಾಗದಲ್ಲಿದ್ದಾನೆ. ಉರಿ ಹೋಗಿದೆ, ಹಸಿವು ಮರಳಿದೆ. ಮಾಸಾಂತ್ಯದ ರಾತ್ರಿಗಳು ಇನ್ನೂ ಬರಬೇಕಿವೆ; ಆ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಫೋನನ್ನು ತಾಯಿಯ ಕೈಗೆ ಕೊಡುವುದಾಗಿ ತಾನಾಗಿಯೇ ಹೇಳಿ ಹೋಗಿದ್ದಾನೆ.